ಅಮೃತಶಿಲೆಯ ತಾಯಿಗೆ ಒಂಬತ್ತು ಗಂಟೆಯ ಬಿಸಿಲು

ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಟ್ಟ ರೈಲು ಹನ್ನೊಂದರ ಸುಮಾರಿಗೆ ಚೆನ್ನೈ ಮುಟ್ಟಿತು. ಜನವರಿಯಲ್ಲೂ ಸೆಕೆ. ಮೈಲಾಪೂರಿಗೆ ಆಟೊದವನು ಮುನ್ನೂರು ಕೇಳಿ, ನನ್ನ ಮುಖ ನೋಡಿ ಇನ್ನೂರಕ್ಕೆ ಇಳಿದ. ನಾನು ಶಾಲೆಯ ಡ್ರಾಯಿಂಗ್ ಮೇಡಂ. ರಜೆ ಸಿಕ್ಕರೆ ಜನ ತಿರುಪತಿಗೆ ಹೋಗುತ್ತಾರೆ. ನಾನು ಕ್ಯಾಮೆರಾ ಹೆಗಲಿಗೇರಿಸಿ ಹಳೆಯ ಸ್ಮಶಾನಗಳಲ್ಲಿ ಕಲ್ಲಿನ ಮೂರ್ತಿಗಳನ್ನು ಹುಡುಕುತ್ತೇನೆ. ಹುಚ್ಚು ಅನ್ನಿ, ಬೇಜಾರಿಲ್ಲ.

ಈ ಸಲ ಬಂದದ್ದು ಒಂದೇ ಚಿತ್ರಕ್ಕೆ. ಅಡ್ಯಾರ್ ಕಡೆಯ ಹಳೆಯ ಕ್ರೈಸ್ತ ಸ್ಮಶಾನದಲ್ಲಿ, ಮಗುವಿನ ಗೋರಿಯ ಮೇಲೆ ಬಾಗಿ ಕೂತ ಅಮೃತಶಿಲೆಯ ತಾಯಿಯೊಬ್ಬಳಿದ್ದಾಳೆ. ಹಿಂದೆ ಎರಡು ಸಲ ಹೋದಾಗಲೂ ಮೋಡ ಮುಚ್ಚಿ ಅವಳ ಮುಖ ಕಪ್ಪಾಗಿಯೇ ಬಂದಿತ್ತು.

ಇಳಿದುಕೊಂಡದ್ದು ಪದ್ಮಾ ಚಿಕ್ಕಮ್ಮನ ಮನೆಯಲ್ಲಿ. ಐವತ್ತು ವರ್ಷದಿಂದ ಅವರು ಇಲ್ಲಿಯವರೇ, ಮಾತಿಗೂ ತಮಿಳು ಅಂಟಿದೆ. ಊಟಕ್ಕೆ ಬಡಿಸುತ್ತಿದ್ದವರು ಆ ಮೂರ್ತಿಯ ವಿಷಯ ಕೇಳಿ ಸೌಟು ಹಿಡಿದು ಹಾಗೇ ನಿಂತರು.

"ಹೆಂಗಸರು ಯಾರಾದ್ರೂ ಅಲ್ಲಿಗೆ ಹೋಗ್ತಾರಾ? ಸರಿ, ಪರವಾಯಿಲ್ಲೆ, ಹೋಗಿಟ್ಟು ಬಾ. ಆದ್ರೆ ಬಂದ್ಮೇಲೆ ಗೇಟಲ್ಲೇ ನಿಲ್ಲು. ತಲೆಗೆ ನೀರು ಬೀಳದೆ ಒಳಗೆ ಕಾಲಿಡೋ ಹಾಗಿಲ್ಲ."

ಮರುದಿನ ಪೊಂಗಲ್ ತಿಂದು ಎಂಟೂವರೆಗೆಲ್ಲ ಅಲ್ಲಿದ್ದೆ. ಕಾವಲುಗಾರ ಆರೋಗ್ಯಂ ನನ್ನ ಗುರುತು ಹಿಡಿದರು. "ಒಂಬದು ಮಣಿಗೆ ವೆಯಿಲ್ ವರುಂ ಮೇಡಂ. ಪತ್ತು ನಿಮಿಷಂ ದಾನ್," ಎಂದು ಬೇವಿನ ಕೊಂಬೆಗಳ ಸಂದಿ ತೋರಿಸಿದರು. ಒಂಬತ್ತಕ್ಕೆ ಬಂದರೆ ಹತ್ತೇ ನಿಮಿಷದ ಬಿಸಿಲು! ತಾವೇ ಒದ್ದೆ ಬಟ್ಟೆ ತಂದು, ಕಾಗೆಗಳು ಗಲೀಜು ಮಾಡಿದ್ದ ಆ ತಾಯಿಯ ಕೆನ್ನೆ ಒರೆಸಿದರು.

ಬಿಸಿಲು ಮೊದಲು ಬೆರಳಿಗೆ ಬಂತು, ಆಮೇಲೆ ಗಲ್ಲಕ್ಕೆ, ಆಮೇಲೆ ಕಣ್ಣಿಗೆ. ಮಂಡಿಯೂರಿ, ಮಲಗಿ, ಗೋರಿ ಸುತ್ತಿ ಚಿತ್ರ ತೆಗೆದದ್ದೇ ತೆಗೆದದ್ದು. ಇರುವೆ ಕಚ್ಚಿದ್ದು ಗೊತ್ತಾದದ್ದು ಆಟೊದಲ್ಲಿ ಕೂತ ಮೇಲೆ. ಸಿಕ್ಕಿತು, ಕೊನೆಗೂ ಸಿಕ್ಕಿತು ಎಂದು ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ.

ಆ ಖುಷಿಯಲ್ಲಿ ಗೇಟಿನ ವಿಷಯ ಮರೆತೇ ಹೋಗಿತ್ತು. "ಕ್ಯಾಮೆರಾ" ಎನ್ನುವಷ್ಟರಲ್ಲಿ ಚಿಕ್ಕಮ್ಮ ಬಕೆಟ್ ಎತ್ತಿ ಸುರಿದಾಗಿತ್ತು. ನಾನೂ ನೆನೆದೆ, ಹೆಗಲಿನ ಬ್ಯಾಗೂ ನೆನೆಯಿತು.

"ಅದೂ ಅಲ್ಲಿಗೆ ಹೋಗಿತ್ತು ತಾನೆ? ಅದಕ್ಕೂ ಮೈಲಿಗೆನೇ," ಎಂದವರು, ನನ್ನ ಕಣ್ಣಲ್ಲಿ ನೀರು ಕಂಡು ಗಾಬರಿಯಾದರು. ತಮ್ಮ ಒಣಸೀರೆಯನ್ನೇ ತಂದು ಕ್ಯಾಮೆರಾ ಒರೆಸಿದರು. ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ. ಪರದೆ ಬೆಳಗಿತು. ಆ ತಾಯಿ ಇದ್ದಳು, ಕಣ್ಣಿನ ಮೇಲೆ ಬಿಸಿಲು ಹೊತ್ತು!

ಒಂಬತ್ತಕ್ಕೆ ಬಿಸಿಲು ಬಂದ ಕತೆ ಹೇಳುತ್ತ ನಾನು ಕುಣಿಯುವುದೊಂದು ಬಾಕಿ. ಚಿಕ್ಕಮ್ಮ ಮಾತ್ರ ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

"ನನ್ನ ಮಗು ರಘು ಹೋದಾಗ ಎಂಟು ತಿಂಗಳು," ಎಂದರು. "ಗಂಡಸರು ಎತ್ಕೊಂಡು ಹೋದ್ರು. ಹೆಂಗಸರು ಬರಬಾರದು ಅಂದ್ರು. ಎಲ್ಲಿ ಹೂತ್ರೋ, ನಾನು ನೋಡ್ಲೇ ಇಲ್ಲ."

ಚಿತ್ರವನ್ನೇ ನೋಡುತ್ತ ಕೇಳಿದರು, "ನಾಳೇನೂ ಒಂಬತ್ತಕ್ಕೆ ಬಿಸಿಲು ಬರುತ್ತಾ?"

ನನ್ನ ವಾಪಸ್ಸು ರೈಲು ಇದ್ದದ್ದು ಮರುದಿನ ಸಂಜೆಗೆ. ಬೆಳಿಗ್ಗೆ ಎಂಟಕ್ಕೆ ಆಟೊ ಬಂದಾಗ ಚಿಕ್ಕಮ್ಮ ಒಂದು ಮೊಳ ಮಲ್ಲಿಗೆ ಹಿಡಿದು ನನಗಿಂತ ಮೊದಲೇ ಹತ್ತಿ ಕೂತರು. ಆಟೊ ಹೊರಟಾಗ ಹಿಂತಿರುಗಿ ನೋಡಿದೆ. ಗೇಟಿನ ಬಳಿ ಎರಡು ಬಕೆಟ್ ನೀರು ತುಂಬಿಟ್ಟಿದ್ದರು.