ತಾಡಪತ್ರಿಯ ಕೆಳಗಿದ್ದ ಐದು ಟಾಯರುಗಳು

ಟಾಯರುಗಳು ಬಂದಿದ್ದವು, ದಾಮೋದರ. ನಿಮ್ಮ ಜೀಪಿಗೆಂದು ಹುಬ್ಬಳ್ಳಿಯಿಂದ ತರಿಸಿದ ಐದೂ ಟಾಯರು, ಐದೂ ಕಬ್ಬಿಣದ ರಿಮ್ಮು ನಮ್ಮ ಗೋಡೌನಿನಲ್ಲಿ ತಾಡಪತ್ರಿಯ ಕೆಳಗೆ ಬಿದ್ದಿದ್ದವು. ನೀವು ಬಂದು ಕೇಳಿದಾಗಲೆಲ್ಲ ‘ಇನ್ನೂ ಬಂದಿಲ್ಲ’ ಎಂದು ನಾನು ಹೇಳಿದ್ದು ಸುಳ್ಳು. ಇಷ್ಟು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಿಲ್ಲ — ನನ್ನೊಳಗೂ ಪೂರ್ತಿಯಾಗಿ ಆಡಿಕೊಂಡಿರಲಿಲ್ಲ.

ಅಂಕೋಲೆಯ ಹೆದ್ದಾರಿ ಪಕ್ಕದ ನಮ್ಮ ಅಂಗಡಿಗೆ ನೀವು ಮೊದಲು ಬಂದದ್ದು ಒಂದು ಬೇಸಿಗೆಯ ಬೆಳಿಗ್ಗೆ. ನನ್ನ ಅಪ್ಪನ ಬೆನ್ನು ಕೆಟ್ಟು ಅವರು ಭಾವಿಕೇರಿಯ ಮನೆಯಲ್ಲೇ ಉಳಿದ ಮೇಲೆ ಅಂಗಡಿ ನನ್ನ ಕೈಗೆ ಬಂದಿತ್ತು. ಕಾರವಾರದ ಕಡಲದಂಡೆಯಲ್ಲಿ ದೋಣಿಗಳನ್ನು ಮರಳಿನ ಮೇಲೆ ಎಳೆಯುತ್ತಿದ್ದ ನಿಮ್ಮ ಹಳೆಯ ಫೋರ್‌ವೀಲ್ ಜೀಪು ಬಂದು ನಿಂತಿತು. ಪಕ್ಕದ ಸೀಟಿನಿಂದ ನಿಮ್ಮ ಅಪ್ಪ ಇಳಿದರು. ಮೊದಲು ಮಾತು ತೆಗೆದವರು ನೀವಲ್ಲ, ಅವರು.

“ತಂಗೀ, ಜನ್ಮವಿಡೀ ಬರ್ಫ ಒಡ್ದು ಒಡ್ದು ಮೀನಿಗೆ ಹಾಕ್ದೆ. ಎಲ್ಲಾ ಫ್ಯಾಕ್ಟರಿದು. ಒಂದ್ಸಲ ದೇವ್ರು ಮಾಡಿದ್ದು ಕೈಯಾಗೆ ಹಿಡ್ದು ನೋಡೂಕೆ ಆಸೆ.”

ಮಳೆಗಾಲದಲ್ಲಿ ಕಡಲಿಗಿಳಿಯುವುದು ಬಂದ್ ಆದೊಡನೆ ಅವರನ್ನು ಜೀಪಿನಲ್ಲಿ ಹಿಮಾಲಯಕ್ಕೆ ಕರೆದೊಯ್ಯಬೇಕೆಂದು ನೀವು ಹೇಳಿದಿರಿ. ದೋಣಿ ಮತ್ತೆ ಇಳಿಯುವುದರೊಳಗೆ ಹೋಗಿ ಬರಬೇಕು. ಬೇರೆ ದಿನಗಳಲ್ಲಿ ನಿಮಗೆ ಬಿಡುವೆಲ್ಲಿ?

ನಿಮಗೆ ಬೇಕಾಗಿದ್ದದ್ದು ಅಗಲವಾದ, ದೊಡ್ಡ ಹಲ್ಲಿನ ಮಡ್ ಟಾಯರು, ಹೊಳೆಯುವ ಅಲಾಯ್ ರಿಮ್ಮು. ನಾನು ಬೇಡವೆಂದೆ. ದಾರಿಯ ಹೆಚ್ಚು ಭಾಗ ಡಾಂಬರೇ. ಮಳೆಯಲ್ಲಿ ಒದ್ದೆ ಡಾಂಬರಿನ ಮೇಲೆ ಆ ದೊಡ್ಡ ಹಲ್ಲು ಹಿಡಿತ ಕೊಡುವುದಿಲ್ಲ. ಅಗಲ ಮಿತಿಮೀರಿದರೆ ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜುತ್ತದೆ. ಡಾಂಬರಿಗೂ ಕಲ್ಲುದಾರಿಗೂ ಒಗ್ಗುವ, ಬದಿ ಗಟ್ಟಿಯಿರುವ ಆಲ್ ಟೆರೇನ್ ಟಾಯರು ಸಾಕು. ಅಲಾಯ್ ರಿಮ್ಮು ಬಂಡೆಗೆ ಬಡಿದರೆ ಸೀಳಿಹೋಗಬಹುದು. ಕಬ್ಬಿಣದ್ದು ಬಗ್ಗುತ್ತದೆ, ಬಗ್ಗಿದ್ದನ್ನು ದಾರಿಯಲ್ಲೇ ಬಡಿದು ನೆಟ್ಟಗೆ ಮಾಡಿಕೊಳ್ಳಬಹುದು.

“ಅಂದ್ರೆ ನಂಗೆ ಚಂದ ಬ್ಯಾಡ, ಗಟ್ಟಿ ಸಾಕು ಅಂತ್ರಿ,” ಎಂದು ನಕ್ಕಿರಿ.

“ಚಂದ ಫೋಟೋಕ್ಕೆ. ಗಟ್ಟಿ ನಿಮ್ಮ ಅಪ್ಪನಿಗೆ,” ಎಂದೆ.

ಒಂದೇ ಸಲಕ್ಕೆ ಮುಗಿಯಬಹುದಾಗಿದ್ದ ಆ ಮಾತು ಎಷ್ಟು ಸಂಜೆಗಳಿಗೆ ಹರಡಿಕೊಂಡಿತು! ನೀವು ಒಂದರ ಮೇಲೊಂದು ಪೇರಿಸಿಟ್ಟ ಟಾಯರುಗಳ ಮೇಲೆ ಕೂತು, ಮರಳಿನಲ್ಲಿ ಗಾಳಿ ಎಷ್ಟು ಇಳಿಸಿದರೆ ಜೀಪು ಹೂತುಹೋಗುವುದಿಲ್ಲವೆಂದು ನನಗೆ ಹೇಳಿಕೊಟ್ಟಿರಿ. ಹಗ್ಗ ಉಜ್ಜಿ ಉಜ್ಜಿ ಗೆರೆಬಿದ್ದ ನಿಮ್ಮ ಅಂಗೈಯಲ್ಲಿ ಚಹಾದ ಲೋಟ ಸಣ್ಣದಾಗಿ ಕಾಣುತ್ತಿತ್ತು. ಅಂಗಡಿಯ ರಬ್ಬರಿನ ವಾಸನೆಯ ನಡುವೆ ನಿಮ್ಮ ಜೊತೆ ಬಂದ ಉಪ್ಪಿನ ವಾಸನೆ ನೀವು ಹೋದ ಮೇಲೂ ಇದೆಯೆಂದು ನನಗನಿಸುತ್ತಿತ್ತು. ಹೆದ್ದಾರಿಯಲ್ಲಿ ಸಾಗುವ ನೂರು ವಾಹನಗಳ ನಡುವೆ ನಿಮ್ಮ ಜೀಪಿನ ಸದ್ದನ್ನು ಗುರುತಿಸಲು ಕಲಿತೆ. ನಿಮಗೆ ಗೊತ್ತಿತ್ತೋ ಇಲ್ಲವೋ — ನಾನು ಕೇಳಲೇ ಇಲ್ಲ.

ಕಡಲು ಬಂದ್ ಆಗುವ ಮೊದಲೇ ಪಾರ್ಸಲ್ ಲಾರಿ ಟಾಯರುಗಳನ್ನು ಇಳಿಸಿ ಹೋಯಿತು. ನಿಮಗೆ ಹೇಳಲು ಫೋನ್ ಕೈಗೆತ್ತಿಕೊಂಡೆ. ಆಗ ಹೊಳೆಯಿತು: ಟಾಯರು ಹಾಕಿಸಿಕೊಂಡು ಹೋದ ಮೇಲೆ ನಿಮಗೆ ಇಲ್ಲಿಗೆ ಬರುವ ಕೆಲಸವೇನು? ಫೋನ್ ಕೆಳಗಿಟ್ಟೆ. ಒಂದು ವಾರ, ಒಂದೇ ವಾರ ಎಂದುಕೊಂಡೆ. ಆ ವಾರ ನೀವು ಬಂದಿರಿ. “ಬಂತ್ರಾ?” ಎಂದಿರಿ. ಇಲ್ಲವೆಂದೆ. ಕೂತಿರಿ, ಚಹಾ ಕುಡಿದಿರಿ, ನಕ್ಕಿರಿ. ಇಷ್ಟು ಸುಲಭವೇ ಎಂದು...

ಮಳೆ ಹಿಡಿಯಿತು. ದೋಣಿಗಳೆಲ್ಲ ದಡ ಸೇರಿದವು. ಒಮ್ಮೆ ನೀವು, “ಹುಬ್ಬಳ್ಳಿಗೆ ನಾನೇ ಹೋಗಿ ತರಲಾ?” ಎಂದಿರಿ. “ಅಲ್ಲೂ ಇಲ್ಲ, ನಾನೇ ಕೇಳಿದ್ದೇನೆ” — ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಾಯಿಗೆ ಬಂತು. ನಿಮ್ಮ ಅಪ್ಪ ಆ ದಿನ ಜೀಪಿನಿಂದ ಇಳಿಯಲಿಲ್ಲ. ಉಣ್ಣೆಯ ಟೊಪ್ಪಿ ಹಾಕಿಕೊಂಡೇ ಬಂದಿದ್ದರು, ಆ ಸೆಕೆಯಲ್ಲಿ. ಕಿಟಕಿಯಿಂದ ಕೂಗಿದರು: “ಗಡಬಡಿ ಇಲ್ಲ ತಂಗೀ. ಬರ್ಫ ಎಲ್ಲಿಗೆ ಓಡಿಹೋಗ್ತದೆ?”

ಟಾಯರು ಬಂದಿವೆಯೆಂದು ನಾನು ಕೊನೆಗೂ ಫೋನ್ ಮಾಡಿದಾಗ ನಿಮ್ಮ ದೋಣಿಗೆ ಬಣ್ಣ ಬಳಿಯುತ್ತಿದ್ದರು. ಕಡಲು ತೆರೆಯುವ ಹೊತ್ತು. “ಅಡ್ಡಿಲ್ಲ, ಬರೂ ವರ್ಷ ಹೋಗ್ವ,” ಎಂದಿರಿ. ಆ ದೀಪಾವಳಿಗೆ ಮೊದಲೇ ನಿಮ್ಮ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಮೇಲೇಳಲಿಲ್ಲ, ಮಾತು ತೊದಲಿತು. ಮುಂದಿನ ಮಳೆಗಾಲ ಬರುವುದರೊಳಗೆ ಅವರಿರಲಿಲ್ಲ.

ಸೂತಕ ಕಳೆದ ಮೇಲೆ ನೀವು ಅಂಗಡಿಗೆ ಬಂದಿರಿ. ನನಗೆ ಸಮಾಧಾನ ಹೇಳಿದವರು ನೀವು! “ಟಾಯರ್ ತಡ ಆದದ್ದೇ ಚಲೋ ಆಯ್ತು. ಆ ಗುಡ್ಡದ ಮೇಲೆ ಅಪ್ಪಂಗೆ ಏನಾರೂ ಆಗಿದ್ರೆ ನಾ ಎಂತ ಮಾಡೂದಾಗಿತ್ತು? ನೀವು ಎಷ್ಟು ಓಡಾಡಿದ್ರಿ ನಮ್ಮ ಸಲುವಾಗಿ.”

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ನೀವು ಹೇಳಿದ ಆ ಸಮಾಧಾನದ ಮಾತನ್ನು ಹೊದಿಕೆಯಂತೆ ಎಳೆದುಕೊಂಡು ಒಳಗೆ ಅಡಗಿದೆ. ಆ ಪ್ರಯಾಣದಲ್ಲಿ ಅವರಿಗೆ ಏನಾದರೂ ಆಗುತ್ತಿತ್ತೋ ಏನೋ, ನನಗೆ ತಿಳಿಯದು. ನಾನು ತಡೆದದ್ದು ಅದಕ್ಕಾಗಿ ಅಲ್ಲವೆಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು.

ಅಂದಿನಿಂದ ನೀವು ಬರುತ್ತಲೇ ಇದ್ದೀರಿ — ಪಂಕ್ಚರಿಗೆ, ಗಾಳಿಗೆ, ಏನೂ ಇಲ್ಲದೆ. ನಾನು ಬಯಸಿದ್ದೇ ಸಿಕ್ಕಿತು. ಸಿಕ್ಕಿದ್ದನ್ನು ಕಣ್ಣೆತ್ತಿ ನೋಡುವ ಧೈರ್ಯ ಮಾತ್ರ ಹೋಯಿತು. ಈಗಲೂ ನಿಮ್ಮ ಜೀಪಿನ ಸದ್ದಿಗೆ ಎದ್ದು ನಿಲ್ಲುತ್ತೇನೆ; ಮರುಗಳಿಗೆಯಲ್ಲೇ ಖಾಲಿಯಿರುವ ಆ ಪಕ್ಕದ ಸೀಟು ಕಾಣುತ್ತದೆ.

ಕಳೆದ ವಾರ ನೀವು ಬಾಗಿಲಲ್ಲೇ ನಿಂತು ಕೇಳಿದಿರಿ: “ಸುಮಾ, ನಮ್ಮನಿಗೆ ಬರ್ತ್ರಾ? ಬಂದು ಹೋಗೂಕಲ್ಲ. ಇರೂಕೆ. ಅಪ್ಪಂಗೂ ನಿಮ್ಮ ಮೇಲೆ ಬಾಳ ಪ್ರೀತಿ ಇತ್ತು.”

ನಾನು ತಲೆ ತಗ್ಗಿಸಿ ಬಿಲ್ಲಿನ ಪುಸ್ತಕ ತಿರುವಿದೆ. ನಾಚಿಕೆಯೆಂದು ತಿಳಿದು ನೀವು ನಗುತ್ತಾ ಹೋದಿರಿ. ಭಾನುವಾರ ನಿಮ್ಮ ಅಕ್ಕನನ್ನು ಕರೆದುಕೊಂಡು ನಮ್ಮ ಮನೆಗೆ ಮಾತಿಗೆ ಬರುತ್ತೀರಂತೆ. ಅದಕ್ಕೂ ಮೊದಲು, ನಾಳೆ ಬೆಳಗಿನ ಬಸ್ಸಿಗೆ ನಾನೇ ಕಾರವಾರಕ್ಕೆ ಬರುತ್ತೇನೆ. ಇಲ್ಲಿ ನನ್ನೊಳಗೆ ಹೇಳಿಕೊಂಡಷ್ಟನ್ನೂ ನಿಮ್ಮ ಎದುರು ನಿಂತು ಹೇಳುತ್ತೇನೆ. ಪ್ರೀತಿಯಿಂದ ಹಾಗೆ ಮಾಡಿದೆ ಎನ್ನುವುದಿಲ್ಲ. ನಿಮ್ಮ ಅಪ್ಪನ ಆಸೆಯ ಮೇಲೆ ನನ್ನ ಆಸೆಯನ್ನು ಹೇರಿದೆ, ಅಷ್ಟೇ. ನೀವು ಕ್ಷಮಿಸಬೇಕೆಂದು ಕೇಳುವುದೂ ಇಲ್ಲ.

ನಿಮ್ಮ ಮನೆಗೆ ಬರುವ ಆಸೆ ಎಷ್ಟಿದೆಯೆಂದರೆ — ಇರಲಿ. ಆದರೆ ಅವರ ಸೊಸೆಯಾಗಿ, ಗೋಡೆಯ ಮೇಲಿನ ಅವರ ಫೋಟೋಕ್ಕೆ ದಿನಾ ಹೂವಿಡುತ್ತಾ, ಬಾಯಿ ಮುಚ್ಚಿಕೊಂಡು ನಿಮ್ಮ ಜೊತೆ ಬಾಳಲಾರೆ.