ಮೂಕವಾದ ಸ್ಕ್ಯಾನರ್

ಅಮೆರಿಕದ ಪಿಸ್ಕಾಟವೇ ಎಂಬ ಊರಿನಲ್ಲಿ ನಾನು ರೇಡಿಯೋ ರಿಪೇರಿ ಮಾಡುತ್ತೇನೆ. ಕಳೆದ ಚಳಿಗಾಲದಲ್ಲಿ ಮೈಸೂರು ಕಡೆಯ ಅಂಕಲ್ ಒಬ್ಬರು ಹಳೆಯ ಸ್ಕ್ಯಾನರ್ ತಂದಿಟ್ಟರು. ಪೊಲೀಸು, ಆಂಬುಲೆನ್ಸ್‌ನವರ ಮಾತು ಕೇಳಿಸುವ ಪೆಟ್ಟಿಗೆ ಅದು.

"ವಾರದಿಂದ ಮೂಕಾಗಿದೆ ಕಣಮ್ಮ. ನನ್ನ ಮಗಳು ಆಂಬುಲೆನ್ಸ್ ಡ್ರೈವ್ ಮಾಡ್ತಾಳೆ. ಅವಳ ದನಿ ಕೇಳದೆ ಊಟ ಸೇರಲ್ಲ."

ಪೆಟ್ಟಿಗೆ ಕೆಟ್ಟಿರಲಿಲ್ಲ. ಆಂಬುಲೆನ್ಸ್‌ನವರ ಫ್ರೀಕ್ವೆನ್ಸಿಗಳನ್ನು ಬೇರೆ ಕಡೆಗೆ ಸರಿಸಿದ್ದರು. ಮಾತು ಎಷ್ಟನೇ ನಂಬರಿನ ಚಾನೆಲ್‌ನಲ್ಲಿದೆ ಎಂದು ರೇಡಿಯೋ ಟವರ್ ತಿಳಿಸುತ್ತಿತ್ತು. ಸ್ಕ್ಯಾನರ್ ಆ ನಂಬರನ್ನು, ಯಾವ ನಂಬರಿಗೆ ಯಾವ ಫ್ರೀಕ್ವೆನ್ಸಿ ಎಂಬ ಹಳೆಯ ಲೆಕ್ಕದಲ್ಲೇ ಹುಡುಕಿ, ಯಾರೂ ಇಲ್ಲದ ಕಡೆ ಕಿವಿಯಿಟ್ಟು ಕೂರುತ್ತಿತ್ತು. ಹೊಸ ಲೆಕ್ಕ ಕಲಿಸುವ ಸಾಫ್ಟ್‌ವೇರ್ ಆ ಮಾಡೆಲ್‌ಗೆ ಬಂದೇ ಇರಲಿಲ್ಲ.

"ಹೊಸದು ತಗೊಳ್ಳಿ ಅಂಕಲ್," ಎಂದೆ.

"ಇದರ ಗುಂಡಿಗಳು ನನಗೆ ಗೊತ್ತು. ಬೇರೆ ದಾರಿ ಇಲ್ವಾ?"

ಕೊನೆಗೆ ಹೊಸ ಫ್ರೀಕ್ವೆನ್ಸಿಗಳನ್ನು ಒಂದೊಂದಾಗಿ ಕೈಯಿಂದಲೇ ತುಂಬಿದೆ. ಊರಿನ ಎಲ್ಲ ಇಲಾಖೆಗಳೂ ಅವನ್ನೇ ಬಳಸುವುದರಿಂದ ಇನ್ನು ಎಲ್ಲರ ಮಾತೂ ಕಲಸಿಕೊಂಡು ಬರುತ್ತದೆ ಎಂದು ಎಚ್ಚರಿಸಿದೆ. ಅವರು ತಲೆಯಾಡಿಸಿದರು. ಸ್ಕೂಲ್ ಬಸ್ಸು, ಕಸದ ಲಾರಿಯವರ ಮಾತು ಮುಗಿದ ಮೇಲೆ ಒಂದು ಹೆಣ್ಣುದನಿ ಬಂತು: "ಪೇಷಂಟ್ ಈಸ್ ಸ್ಟೇಬಲ್. ವಿ ಆರ್ ಆನ್ ಅವರ್ ವೇ."

ಅಂಕಲ್ ಮೇಜು ಹಿಡಿದುಕೊಂಡು ಕೂತರು. "ಗಂಟಲು ಕಟ್ಟಿದೆ ಇವಳಿಗೆ. ಇವತ್ತು ಸಾರಿಗೆ ಮೆಣಸು ಜಾಸ್ತಿ ಹಾಕ್ಬೇಕು."

ಮುಂದಿನ ವಾರ ಅವರೇ ಫೋನ್ ಮಾಡಿದರು. ಮಗಳು ಚೆನ್ನಾಗಿದ್ದಾಳಂತೆ. ಆದರೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುವವರು ನಮ್ಮ ಬೀದಿ ಬಿಟ್ಟು ಕಾಫಿಗೆ ಹೋಗಿದ್ದು ಪೆಟ್ಟಿಗೆಯಲ್ಲೇ ಕೇಳಿಸಿತು, ಟೌನ್ ಆಫೀಸಿನಲ್ಲಿ ಯಾರಿಗೆ ಕಂಪ್ಲೇಂಟ್ ಮಾಡ್ಬೇಕು ಎಂದು ನನ್ನನ್ನೇ ಕೇಳಿದರು.