ಅಲ್ಲಾಡುವ ವೈರೂ ನನ್ನ ಭಾಷಣವೂ

ನನಗೆ ಭಾಷಣದ ಚಟವಿದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲವಾದರೆ ಮುಂದಿನ ಅನಾಹುತಕ್ಕೆಲ್ಲ ನೀವು ಪಾಪದ ಒಂದು ವೈರನ್ನು ದೂರುತ್ತೀರಿ. ಅರಸೀಕೆರೆಯ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವ ನನಗೆ ಅಲ್ಲಿ ಕೇಳುಗರ ಕೊರತೆಯಿಲ್ಲ, ತರಗತಿಯ ಬಾಗಿಲು ಮುಚ್ಚಿದರೆ ಸಾಕು. ಮನೆಯಲ್ಲಿ ಹಾಗಲ್ಲ. ಹೊಯ್ಸಳರ ಸುದ್ದಿ ಎತ್ತಿದೊಡನೆ ಹೆಂಡತಿ ಶಾರದೆಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗುತ್ತದೆ. ಇಪ್ಪತ್ತೆರಡು ವರ್ಷಗಳಲ್ಲಿ ಆಕೆ ನನ್ನ ಒಂದು ಮಾತನ್ನೂ ಕೊನೆಯತನಕ ಕೇಳಿದ್ದಿಲ್ಲ.

ಹಾಗಾಗಿ ಆಕೆಯ ತಮ್ಮ ರುದ್ರೇಶ, ಪ್ರವಾಸಿಗರನ್ನು ಹಳೇಬೀಡು, ಬೇಲೂರಿಗೆ ಕರೆದೊಯ್ಯಲು ಮಿನಿಬಸ್ ಇಟ್ಟಾಗ ನನ್ನ ಬುದ್ಧಿ ಚುರುಕಾಯಿತು. ಅಂಗೈಯಗಲದ ಒಂದು ಕಂಪ್ಯೂಟರ್ ತರಿಸಿ, ಅದಕ್ಕೊಂದು ಡಬ್ಬಿ ಮಾಡಿ, ಡ್ರೈವರ್ ಸೀಟಿನ ಪಕ್ಕ ಕೂರಿಸಿದೆ. ಒಳಗೆ ನನ್ನದೇ ದನಿಯಲ್ಲಿ ಹೊಯ್ಸಳರ ಚರಿತ್ರೆಯನ್ನೆಲ್ಲ ತುಂಬಿದೆ. ಬಸ್ಸು ಹೊರಟೊಡನೆ ಅದು ತಾನಾಗಿ ಮಾತು ಶುರು ಮಾಡಬೇಕು.

ಶುರು ಮಾಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ರಸ್ತೆಯಲ್ಲಿ ಹಂಪು ಬಂದರೆ ಬಸ್ಸು ಕುಲುಕುತ್ತದೆ, ಕರೆಂಟಿನ ವೈರಿನ ಪಿನ್ನು ಸಡಿಲವಾಗುತ್ತದೆ, ಕಂಪ್ಯೂಟರ್ ಸತ್ತು ಮತ್ತೆ ಹುಟ್ಟುತ್ತದೆ. ಹುಟ್ಟಿದೊಡನೆ 'ನಮಸ್ಕಾರ, ಹೊಯ್ಸಳರ ನಾಡಿಗೆ ಸ್ವಾಗತ' ಎನ್ನುತ್ತದೆ. ಮೊದಲ ಪ್ರಯಾಣದಲ್ಲಿ ಜಾವಗಲ್ ದಾಟುವಷ್ಟರಲ್ಲಿ ಹದಿನಾಲ್ಕು ಸಲ ಸ್ವಾಗತವಾಗಿತ್ತು. ಮುಂದಿನ ಸೀಟಿನಲ್ಲಿದ್ದ ಅಜ್ಜಿ ಮರ್ಯಾದಸ್ಥರು. ಹದಿನಾಲ್ಕು ಸಲವೂ ಕೈಮುಗಿದರು. ಚರಿತ್ರೆಯಲ್ಲಿ ಮಾತ್ರ ಒಬ್ಬ ರಾಜನೂ ಪಟ್ಟಕ್ಕೆ ಬರಲಿಲ್ಲ.

ಪಿನ್ನಿಗೆ ರಬ್ಬರ್ ಬ್ಯಾಂಡ್ ಹಾಕಿದೆ, ಹರಿಯಿತು. ಕಪ್ಪು ಟೇಪು ಸುತ್ತಿದೆ, ಬಿಸಿಲಿಗೆ ಅಂಟು ಕರಗಿ ಜಾರಿತು. ಬೆಂಕಿಕಡ್ಡಿಯ ಚೂರನ್ನು ಸಂದಿಗೆ ತುರುಕಿದ್ದರಿಂದ ಎರಡು ಸ್ವಾಗತ ಕಡಿಮೆಯಾಯಿತು, ಅಷ್ಟೆ. ಹಳೇಬೀಡಿನ ಗುಡಿಯ ಮುಂದೆ ನಿಲ್ಲಲು ನಾಚಿಕೆಯಾಗುತ್ತಿತ್ತು. ಅಲ್ಲಿನ ಶಿಲ್ಪಿಗಳು ಗಾರೆಯನ್ನೇ ಮುಟ್ಟದೆ, ಕಲ್ಲಿಗೆ ಕಲ್ಲು ಕಚ್ಚಿಸಿ ಎಂಟುನೂರಕ್ಕೂ ಹೆಚ್ಚು ವರ್ಷ ನಿಲ್ಲಿಸಿದ್ದಾರೆ. ನನಗೆ ಒಂದು ಪಿನ್ನನ್ನು ಜಾವಗಲ್ ತನಕ ನಿಲ್ಲಿಸಲಾಗಲಿಲ್ಲ. ಅವರ ಗುಡಿಗೆ ಚಕ್ರವಿರಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕಡೆಗೆ ರುದ್ರೇಶನೇ ಬಾಯಿಬಿಟ್ಟ. "ನೋಡಿ ಭಾವ, ಭಾನುವಾರ ಅಕ್ಕ, ಅವಳ ಸಂಘದವ್ರು ಬತ್ತಾವ್ರೆ. ಅವತ್ತೂ ಇದು ಬರೀ ನಮಸ್ಕಾರ ಹೊಡೀತಾ ಕೂತ್ರೆ, ಕಿತ್ತು ನಿಮ್ ಕೈಗೇ ಕೊಟ್ಬಿಡ್ತೀನಿ."

ಶಾರದೆ ನನ್ನ ಮಾತನ್ನು ಪೂರ್ತಿ ಕೇಳಲು ಇದ್ದದ್ದು ಅದೊಂದೇ ಅವಕಾಶ. ಓಡುವ ಬಸ್ಸಿನಲ್ಲಿ ಹಾಲು ಉಕ್ಕುವುದಿಲ್ಲ.

ಭಾನುವಾರ ಎರಡನೆಯ ಹಂಪು ದಾಟುವಷ್ಟರಲ್ಲೇ ಮೂರನೆಯ ನಮಸ್ಕಾರವಾಯಿತು. ಹೆಂಗಸರೆಲ್ಲ ಕಿಸಕ್ಕೆಂದರು. ನಾನು ಮಂಡಿಯೂರಿ ಪಿನ್ನನ್ನು ಬೆರಳಿನಿಂದ ಒತ್ತಿ ಹಿಡಿದೆ. ಸೀಟಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಶಾರದೆ ನಾರು ಹಿಡಿದುಕೊಂಡೇ ಎದ್ದು ಬಂದಳು.

"ಬಿಡಿ ಇತ್ಲಾಗೆ. ಹೂವ ಬೀಳ್ಬಾರ್ದು ಅಂತ ಎಸಳನ್ನೇ ಬಿಗೀತಾರೇನ್ರೀ? ತೊಟ್ಟಿಗೆ ಕಟ್ಬೇಕು."

ಪಿನ್ನಿನ ತಂಟೆಗೇ ಹೋಗಲಿಲ್ಲ. ಅದರ ಹಿಂದೆ ವೈರನ್ನು ಒಂದಿಷ್ಟು ಸಡಿಲ ಬಿಟ್ಟು, ಉಳಿದದ್ದನ್ನು ಡಬ್ಬಿಗೇ ಸೇರಿಸಿ ನಾರಿನಿಂದ ಹೂ ಕಟ್ಟುವ ಗಂಟು ಹಾಕಿದಳು. ಇನ್ನು ಬಸ್ಸು ಎಷ್ಟು ಕುಲುಕಿದರೂ ಏಟು ಬೀಳುವುದು ಗಂಟಿಗೆ, ಪಿನ್ನಿಗಲ್ಲ. ನಾನು ಮೂರು ತಿಂಗಳಿನಿಂದ ಎಸಳನ್ನು ಬಿಗಿಯುತ್ತಿದ್ದೆ.

ಮುಂದಿನ ಹಂಪು ಬಂತು. ನನ್ನ ದನಿ ನಿಲ್ಲಲಿಲ್ಲ. ಇನ್ನೊಂದು ಬಂತು, ಆಗಲೂ ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ, ಆಮೇಲೆ ಅದು ನಿಲ್ಲಲೇ ಇಲ್ಲ. ರಾಜರು ಒಬ್ಬರ ಹಿಂದೊಬ್ಬರು ಪಟ್ಟವೇರಿದರು. ಹೆಂಗಸರ ನಗು ನಿಂತಿತು, ಆಕಳಿಕೆ ಶುರುವಾಯಿತು. ರುದ್ರೇಶ ಹಂಪು ಕಂಡಲ್ಲೆಲ್ಲ ವೇಗ ಹೆಚ್ಚಿಸಿ ನೋಡಿದ. ಬಸ್ತಿಹಳ್ಳಿ ಸಮೀಪಿಸುವಾಗ ಹಿಂದಿನ ಸೀಟಿನಿಂದ ಒಬ್ಬಾಕೆ ಕೂಗಿದರು: "ಶಾರದಮ್ಮ, ಆ ಗಂಟು ಒಸಿ ಬಿಚ್ಚಮ್ಮ, ಪುಣ್ಯ ಬತ್ತದೆ!"

ಹೂ ಕಟ್ಟುವವರಿಗೆಲ್ಲ ಗೊತ್ತು, ಆ ಗಂಟಿನ ತುದಿ ಹಿಡಿದು ಒಮ್ಮೆ ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುತ್ತದೆ. ತುದಿ ಶಾರದೆಯ ಕೈಗೆಟಕುವಂತೆ ನೇತಾಡುತ್ತಿತ್ತು. ಆಕೆ ಅದನ್ನು ನೋಡಿದಳು, ನನ್ನನ್ನೂ ನೋಡಿದಳು.

"ಬಿಗಿಯಾಗ್ಬಿಟ್ಟೈತೆ ಕಣ್ರೀ, ಬಿಚ್ಚಕ್ಕಾಗಲ್ಲ. ಸುಮ್ನೆ ಕೇಳಿ," ಎಂದು ಮತ್ತೆ ಮಲ್ಲಿಗೆ ಕೈಗೆತ್ತಿಕೊಂಡಳು.

ಅಷ್ಟು ಚೆಂದದ ಸುಳ್ಳನ್ನು ನಾನು ಯಾವ ಚರಿತ್ರೆಯಲ್ಲೂ ಓದಿಲ್ಲ.